ಸಕ್ಕರೆ ಕಾಯಿಲೆ ಮತ್ತು ಹೇಳುವ ಅಧಿಕಾರ

ಮಧುಮೇಹದ ಚಿಕಿತ್ಸೆ ಬಹುಪಾಲು ನಡೆಯುವುದು ಆಸ್ಪತ್ರೆಯ ಹೊರಗೆ. ವೈದ್ಯರು ರೋಗಿಯನ್ನು ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ಉಳಿದ ಹೊತ್ತಿನಲ್ಲಿ ತಟ್ಟೆಗೆ ಎಷ್ಟು ಅನ್ನ ಬಡಿಸಿಕೊಳ್ಳಬೇಕು, ಸಂಜೆ ಎಷ್ಟು ದೂರ ನಡೆಯಬೇಕು, ಮದುವೆ ಮನೆಯಲ್ಲಿ ಎಲೆಗೆ ಬಿದ್ದ ಹೋಳಿಗೆಯನ್ನು ಏನು ಮಾಡಬೇಕು, ಮಾತ್ರೆ ಮುಗಿದು ಪೇಟೆಗೆ ಹೋಗಲು ಆಗದಿದ್ದರೆ ಹೇಗೆ ಎಂಬುದನ್ನೆಲ್ಲ ರೋಗಿ ಮತ್ತು ಮನೆಯವರೇ ತೀರ್ಮಾನಿಸಿಕೊಳ್ಳಬೇಕು. ಈ ಖಾಲಿ ಜಾಗದಲ್ಲಿ ಈಚಿನ ವರ್ಷಗಳಲ್ಲಿ ಹೊಸಬರೊಬ್ಬರು ಕಾಣಿಸಿಕೊಂಡಿದ್ದಾರೆ: ಹೆಲ್ತ್ ಕೋಚ್. ವೈದ್ಯಪದವಿ ಇಲ್ಲ, ನರ್ಸಿಂಗ್ ಓದಿಲ್ಲ. ಕೆಲವು ವಾರಗಳ ಆನ್‌ಲೈನ್ ತರಬೇತಿ, ಒಂದು ಪ್ರಮಾಣಪತ್ರ, ಹಲವು ಬಾರಿ ತಮ್ಮದೇ ಸಕ್ಕರೆ ಇಳಿಸಿಕೊಂಡ ಕಥೆ. ಇಷ್ಟೇ ಬಂಡವಾಳದಿಂದ ಅವರು ಇತರರಿಗೆ ದಾರಿ ತೋರಿಸಲು ಹೊರಡುತ್ತಾರೆ. ಇದು ಸರಿಯೇ ಎಂಬುದು ಮೇಲ್ನೋಟಕ್ಕೆ ಕಾನೂನಿನ ಪ್ರಶ್ನೆ. ಒಳಗಿಳಿದು ನೋಡಿದರೆ ಭಾರತೀಯ ದರ್ಶನಗಳು ಬಹಳ ಹಿಂದಿನಿಂದ ಕೇಳುತ್ತ ಬಂದ ಪ್ರಶ್ನೆ: ಇನ್ನೊಬ್ಬರಿಗೆ ಹೇಳುವ ಅಧಿಕಾರ ಒಬ್ಬರಿಗೆ ಎಲ್ಲಿಂದ ಬರುತ್ತದೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳು ಇವು. ಹೆಚ್ಚಾಗಿ ಮಳೆಯಾಶ್ರಿತ ಬೇಸಾಯ. ಜೋಳ, ಸಜ್ಜೆ, ನವಣೆ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮೆಕ್ಕೆಜೋಳ. ದೊಡ್ಡ ಕಾಯಿಲೆ ಬಂದರೆ ಕೂಡ್ಲಿಗಿಯವರು ಬಳ್ಳಾರಿಯ ದಾರಿ ಹಿಡಿಯುತ್ತಾರೆ, ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ‘ಶುಗರ್ ಐತಿ’ ಎಂಬ ಮಾತು ಇಲ್ಲಿ ಊರ ಕಟ್ಟೆಯ ಮೇಲೆ ಕೇಳಿಬರುವ ಮಾಮೂಲಿ ಸುದ್ದಿಯಾಗಿ ಹೋಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ, ಅದರ ಅಂಚಿನಲ್ಲಿರುವವರು 13.6 ಕೋಟಿ ಎಂಬ ಅಂದಾಜು ಹೊರಬಿತ್ತು. ಇಷ್ಟು ಜನಕ್ಕೆ ತಟ್ಟೆಯ ಲೆಕ್ಕ ಹೇಳಿಕೊಡುವಷ್ಟು ವೈದ್ಯರು ಯಾವ ದೇಶದಲ್ಲೂ ಇಲ್ಲ. ಆದ್ದರಿಂದ ವೈದ್ಯರಲ್ಲದವರು ಈ ಕೆಲಸಕ್ಕೆ ಬರಬೇಕೇ ಎಂದು ಕೇಳಿ ಫಲವಿಲ್ಲ. ಅವರು ಬಂದಾಗಿದೆ. ಯಾವ ಹಕ್ಕಿನಿಂದ, ಎಲ್ಲಿಯವರೆಗೆ ಎಂಬುದನ್ನು ಮಾತ್ರ ಕೇಳಬಹುದು.

ಹೇಳುವ ಅಧಿಕಾರ ಹುಟ್ಟುವ ಮೂರು ಬಗೆಗಳನ್ನು ಈ ನಾಡಿನ ಧಾರ್ಮಿಕ ಬದುಕು ಅಕ್ಕಪಕ್ಕದಲ್ಲೇ ಇಟ್ಟುಕೊಂಡಿದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ವೀರಶೈವ ಪಂಚಪೀಠಗಳಲ್ಲೊಂದು. ಅಲ್ಲಿ ಮಾತಿಗೆ ತೂಕ ಬರುವುದು ಪರಂಪರೆಯಿಂದ. ಗುರುವಿನಿಂದ ಶಿಷ್ಯನಿಗೆ ದೀಕ್ಷೆ, ಪೀಠದಿಂದ ಪಟ್ಟ. ಇದಕ್ಕೆ ಎದುರಾಗಿ, ಅದೇ ಜನರ ನಾಲಿಗೆಯ ಮೇಲೆ ವಚನಗಳಿವೆ. ಹನ್ನೆರಡನೆಯ ಶತಮಾನದ ಶರಣರು ಓದಿನ ಮತ್ತು ಹುಟ್ಟಿನ ಅಧಿಕಾರವನ್ನು ಪಕ್ಕಕ್ಕಿಟ್ಟು ಅನುಭವವನ್ನು ಮುಂದೆ ತಂದರು. ಮಾದಾರ, ಅಂಬಿಗ, ಮಡಿವಾಳ ತಮ್ಮ ಕಾಯಕದ ಮಾತಿನಲ್ಲೇ ಪರಮಾರ್ಥ ಹೇಳಿದರು. ವೈದ್ಯ ಸಂಗಣ್ಣನೆಂಬ ವಚನಕಾರ ರೋಗ, ಮದ್ದು, ಪಥ್ಯಗಳ ಪರಿಭಾಷೆಯನ್ನೇ ಬಳಸಿ ವಚನ ರಚಿಸಿದ್ದಾನೆ. ಮೂರನೆಯದು ಹಡಗಲಿ ತಾಲ್ಲೂಕಿನ ಮೈಲಾರದ್ದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಮೇಲೆ ಉಪವಾಸವ್ರತದಲ್ಲಿದ್ದ ಗೊರವಯ್ಯ ಬಿಲ್ಲನ್ನೇರಿ, ಸದ್ದಡಗಿಸಿ, ಕಾರ್ಣಿಕವೆಂಬ ಒಂದೇ ಸಾಲು ನುಡಿದು ಹಿಂದಕ್ಕೆ ಬೀಳುತ್ತಾನೆ. ಆ ಒಂದು ಸಾಲಿನಲ್ಲಿ ರೈತ ಮಳೆಯನ್ನು, ವ್ಯಾಪಾರಿ ಧಾರಣೆಯನ್ನು, ರಾಜಕಾರಣಿ ಕುರ್ಚಿಯನ್ನು ಕಾಣುತ್ತಾನೆ. ಅಲ್ಲಿ ಅಧಿಕಾರವಿರುವುದು ನುಡಿದ ಗಳಿಗೆಗೆ. ನುಡಿದವನ ಓದಿಗೂ ಅಲ್ಲ, ಅನುಭವಕ್ಕೂ ಅಲ್ಲ.

ಕೋಚ್ ಆದವರು ಈ ಮೂರರಲ್ಲಿ ಯಾವುದನ್ನು ನೆಚ್ಚುತ್ತಾರೆ? ಪರಂಪರೆಯ ಅಧಿಕಾರ ವೈದ್ಯರಿಗೆ ಸೇರಿದ್ದು. ಕಾಲೇಜು, ಪರೀಕ್ಷೆ, ಮಂಡಳಿಯ ನೋಂದಣಿಗಳೆಲ್ಲ ಒಂದು ಬಗೆಯ ದೀಕ್ಷಾಕ್ರಮವೇ. ಕೋಚ್‌ಗೆ ಅದು ಇಲ್ಲ. ‘ನನಗೂ ಶುಗರ್ ಇತ್ತು, ನಾನು ಇಳಿಸಿಕೊಂಡೆ’ ಎನ್ನುವಾಗ ಆತ ಅನುಭವದ ಅಧಿಕಾರ ಹಿಡಿದಿದ್ದಾನೆ. ‘ತೊಂಬತ್ತು ದಿನದಲ್ಲಿ ಎಲ್ಲರ ಶುಗರ್ ರಿವರ್ಸ್’ ಎಂದು ಮೊಬೈಲಿನ ಪರದೆಯ ಮೇಲೆ ಘೋಷಿಸುವಾಗ ಕಾರ್ಣಿಕದ ಧಾಟಿಗೆ ಜಾರಿದ್ದಾನೆ. ಮೈಲಾರದ ಕಾರ್ಣಿಕ ಕೇಳಿದವರು ಮನೆಗೆ ಹೋಗಿ ಮಾತ್ರೆ ನಿಲ್ಲಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ನ್ಯಾಯದರ್ಶನ ಈ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿಗೂ ಮೊನಚು ಕಳೆದುಕೊಂಡಿಲ್ಲ. ಮಾತು ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು ಎನ್ನುತ್ತದೆ ಗೌತಮನ ಸೂತ್ರ. ಆಪ್ತ ಯಾರು? ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಬಯಕೆಯುಳ್ಳವನು ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಅದರ ಬೆನ್ನಿಗೆ ಆತ ಸೇರಿಸುವ ಮಾತು ಅಚ್ಚರಿ ಹುಟ್ಟಿಸುತ್ತದೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಅಂದರೆ ಕುಲ, ಪದವಿ, ಪೀಠ ಯಾವುದೂ ಆಪ್ತತ್ವದ ಷರತ್ತಲ್ಲ. ವೈದ್ಯಪದವಿ ಇಲ್ಲದ ಕೋಚ್‌ಗೆ ಶಾಸ್ತ್ರದ ಕಡೆಯಿಂದ ಇದಕ್ಕಿಂತ ಉದಾರವಾದ ಪರವಾನಗಿ ಸಿಗಲಾರದು. ಆದರೆ ಪರವಾನಗಿಯ ಮೊದಲ ಷರತ್ತೇ ಆತನನ್ನು ಕಟ್ಟಿಹಾಕುತ್ತದೆ. ನೇರವಾಗಿ ಅರಿತದ್ದು ಯಾವುದು? ತನ್ನ ಮೈ ಮಾತ್ರ. ತನ್ನ ಹಸಿವು, ತನ್ನ ಸೋಮಾರಿತನ, ತನ್ನ ಮನೆಯವರ ಒತ್ತಾಯ, ಗ್ಲುಕೋಮೀಟರಿನಲ್ಲಿ ತನ್ನ ಬೆರಳಿನ ರಕ್ತ ತೋರಿಸಿದ ಅಂಕಿ. ಇದರಾಚೆಗೆ ಆತನದು ಕೇಳಿದ ಮಾತು ಅಥವಾ ಊಹೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಆದ್ದರಿಂದ ಒಂದು ಅಗುಳಿನ ಸಾಕ್ಷ್ಯ ಪಾತ್ರೆಗೆಲ್ಲ ಸಲ್ಲುತ್ತದೆ. ಮನುಷ್ಯರ ಮೈಗಳು ಒಂದೇ ಪಾತ್ರೆಯಲ್ಲಿ ಬೆಂದವಲ್ಲ. ರೋಗ ಬಂದು ಎರಡು ವರ್ಷವಾದ ನಲವತ್ತರ ಅಂಗಡಿಕಾರ ರಾತ್ರಿಯೂಟ ಬಿಟ್ಟು ಹತ್ತು ಕಿಲೋ ಇಳಿದು ಮಾತ್ರೆಯಿಲ್ಲದೆ ಇರಬಹುದು. ಹದಿನೈದು ವರ್ಷದಿಂದ ಕಾಯಿಲೆಯಿರುವ, ಮೂತ್ರಪಿಂಡ ಸೋತಿರುವ ಅರವತ್ತೈದರ ಅಜ್ಜಿ ಅದನ್ನೇ ಮಾಡಿದರೆ ಬೆಳಗಿನ ಜಾವ ಎಚ್ಚರ ತಪ್ಪಿ ಬಿದ್ದಿರುತ್ತಾಳೆ. ಕೊಟ್ಟ ಕಾರಣ (ಹೇತು) ಕೆಲವೆಡೆ ಸಾಧಿಸಬೇಕಾದುದರೊಂದಿಗೆ (ಸಾಧ್ಯ), ಕೆಲವೆಡೆ ಅದಿಲ್ಲದೆಯೂ ಕಂಡುಬಂದರೆ ನೈಯಾಯಿಕರು ಅದನ್ನು ಹೇತ್ವಾಭಾಸ, ಅಂದರೆ ಹುಸಿ ಕಾರಣ, ಎಂದು ತಳ್ಳಿಹಾಕುತ್ತಾರೆ. ‘ನನಗೆ ಆಯಿತು, ನಿಮಗೂ ಆಗುತ್ತದೆ’ ಎಂಬುದು ಅದೇ ಜಾತಿಯ ವಾದ.

ಶರಣರ ಅನುಭವದ ಮಾತನ್ನು ಇಲ್ಲಿ ಹಗುರವಾಗಿ ಎಳೆದು ತರುವವರಿದ್ದಾರೆ. ಅನುಭವವೇ ಗುರು, ಡಾಕ್ಟರರ ಪುಸ್ತಕವೇಕೆ ಎಂದು. ವಚನಪರಂಪರೆ ಹೇಳುವುದು ಅಷ್ಟು ಸುಲಭದ ಮಾತಲ್ಲ. ಒಬ್ಬರ ಅನುಭವ ಶರಣರ ಗೋಷ್ಠಿಯ ನಡುವೆ ಬಂದು ನಿಲ್ಲಬೇಕಿತ್ತು. ಶರಣರ ಸಂವಾದಗಳನ್ನು ಕಟ್ಟಿಕೊಡುವ ಶೂನ್ಯಸಂಪಾದನೆಗಳಲ್ಲಿ ಕಾಣುವ ಅಲ್ಲಮನ ಚಿತ್ರ ಎದುರಿಗೆ ಬಂದವರ ಸಾಧನೆಯನ್ನೆಲ್ಲ ಪ್ರಶ್ನೆಯಿಂದ ಕೆದಕುವವನ ಚಿತ್ರ. ಸಿದ್ಧರಾಮ, ಅಕ್ಕ ಮಹಾದೇವಿ, ಮುಕ್ತಾಯಕ್ಕ ಯಾರೂ ಆ ಪರೀಕ್ಷೆಯಿಂದ ಪಾರಾಗಲಿಲ್ಲ. ಹೀಗೆ ಪ್ರಶ್ನೆಗೆ ಒಡ್ಡಿಕೊಂಡ ಅನುಭವಕ್ಕೆ ಮಾತ್ರ ಅಲ್ಲಿ ಬೆಲೆ. ಇಂದು ಅಂಥ ಗೋಷ್ಠಿಯ ಜಾಗದಲ್ಲಿರುವುದು ವೈದ್ಯಕೀಯ ಪ್ರಯೋಗ. ಸಾವಿರ ಮೈಗಳ ಅನುಭವವನ್ನು ಒಟ್ಟಿಗಿಟ್ಟು, ಹೋಲಿಸಿ, ಸೋತವರನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮ ಅದು. ಗೆದ್ದವರ ಫೋಟೊ ಮಾತ್ರ ಹಾಕುವ ವಾಟ್ಸ್‌ಆ್ಯಪ್ ಗುಂಪು ಗೋಷ್ಠಿಯೆನಿಸಲಾರದು.

ಆಯುರ್ವೇದದ ಮೂಲಗ್ರಂಥಗಳು ಈ ವಿಷಯದಲ್ಲಿ ಇಂದಿನ ಪ್ರಚಾರಕರಿಗಿಂತ ಎಷ್ಟೋ ನಿಷ್ಠುರ. ಚರಕಸಂಹಿತೆಯ ಸೂತ್ರಸ್ಥಾನ ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮದ್ದಿನ ಡಬ್ಬಿ, ಪುಸ್ತಕ, ಗಂಭೀರವಾದ ನೋಟಗಳನ್ನು ತೊಟ್ಟು ವೈದ್ಯರಂತೆ ಕಾಣಿಸಿಕೊಳ್ಳುವವರು ಛದ್ಮಚರರು. ಹೆಸರಾಂತವರ, ಶ್ರೀಮಂತರ ಜೊತೆಗಿನ ಒಡನಾಟವನ್ನು ಹೇಳಿಕೊಂಡು ಆ ಬೆಳಕಿನಲ್ಲಿ ಮಿಂಚುವವರು ಸಿದ್ಧಸಾಧಿತರು. ಓದು, ಪ್ರಯೋಗಜ್ಞಾನ ಎರಡೂ ಇದ್ದು ಕೆಲಸ ಸಾಧಿಸುವವರು ಮಾತ್ರ ನಿಜವಾದ ವೈದ್ಯರು. ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ವಿಡಿಯೊ ಮಾಡುವ ಕೋಚ್ ಮೊದಲನೆಯ ಗುಂಪಿಗೆ ಸೇರುತ್ತಾನೆ. ಸಿನಿಮಾ ನಟರ ಜೊತೆಗಿನ ಸೆಲ್ಫಿಯನ್ನೇ ಪ್ರಮಾಣಪತ್ರ ಮಾಡಿಕೊಂಡವನು ಎರಡನೆಯದಕ್ಕೆ. ಎರಡು ಸಾವಿರ ವರ್ಷಗಳ ಹಿಂದೆಯೇ ಈ ವೇಷಗಳಿಗೆ ಹೆಸರಿಟ್ಟಾಗಿತ್ತು.

ಅದೇ ಚರಕ ಕೋಚ್‌ಗೆ ಗೌರವದ ಒಂದು ಸ್ಥಾನವನ್ನೂ ತೋರಿಸಿದ್ದಾನೆ. ಚಿಕಿತ್ಸೆ ನಿಲ್ಲುವುದು ನಾಲ್ಕು ಪಾದಗಳ ಮೇಲೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಉಪಚಾರದ ಅರಿವು, ಕೈಚಳಕ, ರೋಗಿಯ ಮೇಲಿನ ಅಕ್ಕರೆ, ಶುಚಿತ್ವ ಇವು ಪರಿಚಾರಕನ ನಾಲ್ಕು ಗುಣಗಳು. ರೋಗಿಗೂ ಗುಣಗಳನ್ನು ಹೇಳಿದೆ. ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ಬಿಡಿಸಿ ಹೇಳಬಲ್ಲದ್ದು. ಪರಿಚಾರಕನ ಪಟ್ಟಿಯಲ್ಲಿ ಶಾಸ್ತ್ರಪಾಂಡಿತ್ಯವಿಲ್ಲ, ವೈದ್ಯನ ಪಟ್ಟಿಯಲ್ಲಿ ಅದೇ ಮೊದಲು. ಇದು ಮೇಲುಕೀಳಿನ ವಿಂಗಡಣೆಯಲ್ಲ. ಪರಿಚಾರಕನಿಲ್ಲದೆ ಚಿಕಿತ್ಸೆ ಕುಂಟುತ್ತದೆ. ಆದರೆ ಪರಿಚಾರಕ ವೈದ್ಯನ ಪಾದದ ಜಾಗಕ್ಕೆ ಬಂದರೆ ಎರಡು ಪಾದ ಒಟ್ಟಿಗೆ ಹೋದಂತೆ. ವೈದ್ಯಶಿಕ್ಷಣವಿಲ್ಲದವರು ಮಧುಮೇಹಿಗೆ ನೆರವಾಗಬಹುದೇ ಎಂಬ ಪ್ರಶ್ನೆಗೆ ಉತ್ತರವಿರುವುದು ಈ ಮೂರನೆಯ ಪಾದದಲ್ಲೇ. ಜೊತೆಗಿರುವುದಕ್ಕೆ, ನೆನಪಿಸುವುದಕ್ಕೆ, ಕೇಳಿಸಿಕೊಳ್ಳುವುದಕ್ಕೆ ಪದವಿ ಬೇಕಿಲ್ಲ. ರೋಗ ಗುರುತಿಸುವುದಕ್ಕೆ, ಮದ್ದು ಕೊಡುವುದಕ್ಕೆ, ಕೊಟ್ಟ ಮದ್ದನ್ನು ನಿಲ್ಲಿಸುವುದಕ್ಕೆ ಬೇಕು.

ಊಟವನ್ನಾಗಲಿ ಮದ್ದನ್ನಾಗಲಿ ನಿಲ್ಲಿಸುವ ಮಾತು ಎಲ್ಲಿ ಅಪಾಯವಾಗುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಊಟ ತಪ್ಪಿದರೂ ಸಕ್ಕರೆ ತೀರಾ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ನುಂಗುವವರ ಕಥೆ ಬೇರೆ. ಅದು ಊಟವಿರಲಿ ಬಿಡಲಿ ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ಇಂಥವರಿಗೆ ಕೋಚ್ ‘ಹದಿನಾರು ಗಂಟೆ ಉಪವಾಸ ಮಾಡಿ’ ಎಂದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತೊದಲು, ಕೊನೆಗೆ ಪ್ರಜ್ಞೆ ತಪ್ಪುವುದು. ಡಾಪಾಗ್ಲಿಫ್ಲೋಜಿನ್ ನುಂಗುವವರು ಅನ್ನ ರೊಟ್ಟಿ ಪೂರ್ತಿ ಬಿಟ್ಟರೆ ಸಕ್ಕರೆಯ ಅಂಕಿ ಹೆಚ್ಚೇನೂ ಏರದಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಗ್ಲುಕೋಮೀಟರ್ ನೋಡಿ ಎಲ್ಲ ಸರಿಯಿದೆ ಎಂದುಕೊಂಡಿರುವಾಗಲೇ ಪರಿಸ್ಥಿತಿ ಕೈಮೀರಿರುತ್ತದೆ. ಹಲವರಿಗೆ ಚಿಕ್ಕಂದಿನಲ್ಲೇ ಬರುವ ಒಂದನೇ ಬಗೆಯ ಮಧುಮೇಹದಲ್ಲಿ ಮೈ ಇನ್ಸುಲಿನ್ ತಯಾರಿಸುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಮಗುವಿನ ಸೂಜಿ ನಿಲ್ಲಿಸಿ ಕಷಾಯ ಕೊಡಿ ಎಂಬ ಸಲಹೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮನುಷ್ಯರಿಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಈ ಮಕ್ಕಳೆಲ್ಲರ ಗತಿ ಅದೇ ಆಗಿತ್ತು.

ಈ ಐದು ತಾಲ್ಲೂಕುಗಳಲ್ಲಿ ಉಪವಾಸದ ಸಂಗತಿಯನ್ನು ಧರ್ಮದಿಂದ ಬಿಡಿಸಿ ಮಾತಾಡಲು ಬರುವುದಿಲ್ಲ. ಶಿವರಾತ್ರಿ, ಶ್ರಾವಣ ಸೋಮವಾರ, ಏಕಾದಶಿ, ರಂಜಾನಿನ ರೋಜಾ. ವ್ರತ ಹಿಡಿಯುವವರಲ್ಲಿ ಮಾತ್ರೆ ನುಂಗುವವರೂ ಇದ್ದೇ ಇರುತ್ತಾರೆ. ಡಾಕ್ಟರರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಇಸ್ಲಾಂ ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಕೊಟ್ಟಿದೆ. ಮಧುಮೇಹಿಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಯಾರು ಉಪವಾಸ ಮಾಡಬಹುದು, ಯಾರು ಮಾಡಲೇಬಾರದು ಎಂದು ಹೇಳುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ರಂಜಾನಿಗೆ ಇದೆ. ಶಿವರಾತ್ರಿಗೆ ಅಂಥದ್ದೊಂದು ಪುಟವನ್ನು ಕನ್ನಡದಲ್ಲಿ ಯಾರಾದರೂ ಬರೆದು ಮಠಗಳಲ್ಲಿ ಹಂಚಿದರೆ ದೊಡ್ಡ ಉಪಕಾರ. ವ್ರತ ಬಿಡಿ ಎಂದು ವೈದ್ಯರು ಹೇಳಿದರೆ ಅದು ಆಸ್ಪತ್ರೆಯ ಮಾತಾಗಿ ಉಳಿಯುತ್ತದೆ. ‘ಅಕ್ಕಾ, ಈ ಸಲ ಹಣ್ಣು ಹಾಲು ತಗೊಂಡು ಮಾಡು, ಮುಂಜಾನಿ ಮಾತ್ರಿ ಬಗ್ಗೆ ಮೊದ್ಲ ಡಾಕ್ಟರ್ನ ಕೇಳು’ ಎಂದು ಅದೇ ಓಣಿಯ, ತಾನೂ ವ್ರತ ಹಿಡಿಯುವ ಹೆಂಗಸು ಹೇಳಿದರೆ ಆ ಮಾತಿಗೆ ಬೇರೆಯೇ ಬಲ. ಪರಿಚಾರಕನ ಗುಣಗಳಲ್ಲಿ ಅಕ್ಕರೆಯನ್ನೂ ಚರಕ ಸೇರಿಸಿದ್ದರ ಅರ್ಥ ಇಲ್ಲಿ ತಿಳಿಯುತ್ತದೆ.

ಕೊಟ್ಟೂರೇಶ್ವರನ ತೇರಿಗೆ ಮಾಘ ಮಾಸದಲ್ಲಿ ದಾವಣಗೆರೆಯ ಕಡೆಯಿಂದಲೂ ಸುತ್ತಲ ಊರುಗಳಿಂದಲೂ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತವರೂ ಇರುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಮಂದವಾಗುತ್ತವೆ. ಜಲ್ಲಿಕಲ್ಲು ಚುಚ್ಚಿದ್ದು, ಕಾದ ಡಾಂಬರು ಸುಟ್ಟದ್ದು ಗೊತ್ತಾಗುವುದಿಲ್ಲ. ನೋವಿದ್ದವರು ಕೂತು ಕಾಲು ನೋಡಿಕೊಳ್ಳುತ್ತಾರೆ, ನೋವಿಲ್ಲದವರು ನಡೆಯುತ್ತಲೇ ಇರುತ್ತಾರೆ. ಬೊಬ್ಬೆ ಒಡೆದು, ಮಣ್ಣು ಸೇರಿ, ಹುಣ್ಣಾಗಿ, ಬೆರಳು ಕಪ್ಪಾದ ಮೇಲೆ ಆಸ್ಪತ್ರೆ. ಇಲ್ಲಿ ಬೇಕಾದ ಜ್ಞಾನ ಬಹಳ ಸಣ್ಣದು: ಹೊರಡುವ ಮುನ್ನ ಪಾದದ ಅಡಿ, ಬೆರಳ ಸಂದಿ ನೋಡುವುದು, ಸಂಜೆ ತಂಗಿದಲ್ಲಿ ಮತ್ತೆ ನೋಡುವುದು, ಬೊಬ್ಬೆಯನ್ನು ಚುಚ್ಚದೆ ಶುಚಿಯಾಗಿ ಮುಚ್ಚುವುದು, ಹರಕೆಯೇ ಇದ್ದರೂ ಸ್ಪರ್ಶ ಸತ್ತ ಪಾದಕ್ಕೆ ಚಪ್ಪಲಿ ತೊಡಿಸುವುದು. ಇದಕ್ಕೆ ಎಂಬಿಬಿಎಸ್ ಬೇಡ. ಕಾಲು ಮುಟ್ಟಿ ನೋಡಲು ಹೇಸದ ಒಬ್ಬ ಮನುಷ್ಯ ಬೇಕು.

ವೈದ್ಯರಲ್ಲದವರ ಕೆಲಸ ಫಲ ಕೊಟ್ಟದ್ದಕ್ಕೆ ಪುರಾವೆಯೂ ಇದೆ, ಮಿತಿಯೂ ಕಂಡಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆ ಕಲಿಸಿದರು. ಸೋಂಕಾದಾಗ ಚುಚ್ಚುಮದ್ದು ಕೊಡುವುದನ್ನೂ. ಹೋಲಿಕೆಯ ಹಳ್ಳಿಗಳಿಗಿಂತ ನವಜಾತ ಮರಣ ಶೇ 62ರಷ್ಟು ಕಡಿಮೆಯಾಯಿತೆಂದು 1999ರಲ್ಲಿ ವರದಿಯಾಯಿತು. ಮಧುಮೇಹದ ಕಡೆಗೆ ಬಂದರೆ, 2002ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅಂಚಿನಲ್ಲಿದ್ದವರಿಗೆ ಊಟ, ನಡಿಗೆಗಳ ಮಾರ್ಗದರ್ಶನ ಕೊಟ್ಟಾಗ ಕಾಯಿಲೆಗೆ ತಿರುಗುವುದು ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್‌ನಿಂದ ಶೇ 31. ಚೆನ್ನೈಯಲ್ಲಿ ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾರತೀಯರಲ್ಲಿ ಈ ಇಳಿಕೆ ಶೇ 28.5. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಶುರುಮಾಡಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಸಾಮಾನ್ಯರೇ ಕೋಚ್ ಆಗಬಹುದು. ಆದರೆ ಅವರ ಪಾಠ ಮೊದಲೇ ಬರೆದಿಟ್ಟದ್ದು, ಕೆಲಸ ಕಾಯಿಲೆ ಬರದಂತೆ ತಡೆಯುವುದಷ್ಟೇ.

ನಮ್ಮ ಹಳ್ಳಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಕೇರಳದ್ದು. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳಲ್ಲಿ 1,007 ಜನರನ್ನು ಆಯ್ದು, ಅವುಗಳಲ್ಲಿ ಅರ್ಧದಷ್ಟು ಪ್ರದೇಶಗಳಲ್ಲಿ ಊರವರನ್ನೇ ಗುಂಪಿನ ಮುಂದಾಳುಗಳಾಗಿ ತರಬೇತುಗೊಳಿಸಲಾಯಿತು. ಎರಡು ವರ್ಷದ ಕೊನೆಗೆ ಆ ಗುಂಪುಗಳಲ್ಲಿ ಮಧುಮೇಹ ಬಂದವರು ಶೇ 14.9, ಉಳಿದವರಲ್ಲಿ ಶೇ 17.1. ಸಂಖ್ಯಾಶಾಸ್ತ್ರದ ಕಣ್ಣಿಗೆ ಈ ವ್ಯತ್ಯಾಸ ಖಚಿತವೆನ್ನುವಷ್ಟು ದೊಡ್ಡದಲ್ಲ ಎಂದು 2018ರ ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ಹಣ್ಣು ತರಕಾರಿ ತಿನ್ನುವುದು ಹೆಚ್ಚಿತ್ತು, ಕುಡಿತ ತಗ್ಗಿತ್ತು. ತಾವೇ ನಡೆಸಿದ ಕೆಲಸದ ಬಗ್ಗೆ ಹೀಗೆ ಬರೆಯುವುದಕ್ಕೆ ವಾತ್ಸ್ಯಾಯನ ಹೇಳಿದ ಎರಡನೆಯ ಲಕ್ಷಣ ಬೇಕು: ಅರಿತದ್ದನ್ನು ಅರಿತಂತೆ ತಿಳಿಸುವ ಬಯಕೆ. ‘ರಿವರ್ಸ್’ ಎಂಬ ಮಾತಿಗೂ ಇದೇ ಅಳತೆ ಸಲ್ಲಬೇಕು. ಬ್ರಿಟನ್ನಿನ ಡೈರೆಕ್ಟ್ ಎಂಬ ಪ್ರಯೋಗದಲ್ಲಿ ತೂಕ ಇಳಿಸುವ ಗುಂಪಿಗೆ ಸೇರಿದವರಲ್ಲಿ ಒಂದು ವರ್ಷಕ್ಕೆ ಶೇ 46 ಜನ ಮಾತ್ರೆಯಿಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗೆ ಬಂದದ್ದು ನಿಜ. ಅವರೆಲ್ಲ ರೋಗ ಪತ್ತೆಯಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಜೊತೆಗಿದ್ದವರು ತರಬೇತಾದ ನರ್ಸ್ ಅಥವಾ ಆಹಾರತಜ್ಞರು. ಮಾತ್ರೆ ನಿಂತದ್ದು ವೈದ್ಯಕೀಯ ಕ್ರಮದ ಪ್ರಕಾರ. ಎರಡನೆಯ ವರ್ಷಕ್ಕೆ ಸಂಖ್ಯೆ ಶೇ 36ಕ್ಕೆ ಇಳಿಯಿತು. ಜಾಹೀರಾತಿನಲ್ಲಿ ಮೊದಲ ಅಂಕಿ ಮಾತ್ರ ಇರುತ್ತದೆ.

ಕಾನೂನು ಇಲ್ಲಿ ಗೆರೆ ಎಳೆದಿದೆ, ಆದರೆ ಗೆರೆ ದಪ್ಪಗಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯಂತೆ ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆ ನಿಷೇಧಿಸುತ್ತದೆ. ಒಂದು ಪದ್ಧತಿಯಲ್ಲಿ ಓದಿದವರು ತಮಗೆ ತಿಳಿಯದ ಇನ್ನೊಂದು ಪದ್ಧತಿಯ ಮದ್ದು ಕೊಟ್ಟರೆ ಅದು ನಕಲಿ ವೈದ್ಯಕ್ಕೆ ಸಮ ಎಂದು ಸುಪ್ರೀಂ ಕೋರ್ಟು 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿತು. ಓದಿದವರಿಗೇ ಇಷ್ಟು ಬಿಗಿಯಾದ ಮೇಲೆ ಏನನ್ನೂ ಓದದವರ ಮಾತೇನು? ಆದರೂ ‘ಕೋಚ್’ ಎಂದು ಬೋರ್ಡು ಹಾಕಿಕೊಳ್ಳಲು ಯಾವ ವೈದ್ಯ ಮಂಡಳಿಯ ನೋಂದಣಿಯೂ ಬೇಕಾಗಿಲ್ಲ. ಸಲಹೆ ಎಲ್ಲಿ ಮುಗಿದು ಚಿಕಿತ್ಸೆ ಎಲ್ಲಿ ಶುರುವಾಗುತ್ತದೆ ಎಂಬುದು ಫೋನಿನ ಎರಡು ತುದಿಗಳಲ್ಲಿರುವ ಇಬ್ಬರಿಗೆ ಮಾತ್ರ ಗೊತ್ತು. ಕಾನೂನು ಕೇಳಿಸಿಕೊಳ್ಳಲಾಗದ ಈ ಜಾಗದಲ್ಲಿ ಹೇಳುವವರ ನೀತಿಯೊಂದೇ ಕಾವಲು.

ಕೋಚಿಂಗಿನ ಒಳಗೇ ಅಡಗಿರುವ ಇನ್ನೊಂದು ತಾತ್ವಿಕ ತೊಡಕು ಹೊಣೆಗಾರಿಕೆಯದು. ಕೋಚ್‌ನ ಮಾತಿನ ತಳದಲ್ಲಿ ‘ನಿನ್ನ ಕಾಯಿಲೆ ನಿನ್ನ ಕೈಯಲ್ಲಿದೆ’ ಎಂಬ ನಂಬಿಕೆಯಿದೆ. ಅದು ಧೈರ್ಯವನ್ನೂ ಕೊಡುತ್ತದೆ, ಅಪರಾಧಭಾವವನ್ನೂ ತುಂಬುತ್ತದೆ. ಚರಕ ರೋಗದ ಕಾರಣಗಳಲ್ಲಿ ಪ್ರಜ್ಞಾಪರಾಧವನ್ನು ಎಣಿಸುತ್ತಾನೆ. ಬುದ್ಧಿ, ಮನಸ್ಸಿನ ಹಿಡಿತ, ನೆನಪು ತಪ್ಪಿ ಮಾಡಬಾರದ್ದನ್ನು ಮಾಡುವುದು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ಅದನ್ನೇ ಮನೆಮಾತಿನಲ್ಲಿ ಹೇಳುತ್ತದೆ. ಆದರೆ ಆಯುರ್ವೇದದ ಇನ್ನೊಬ್ಬ ಆಚಾರ್ಯ ಸುಶ್ರುತ ಮಧುಮೇಹವೂ ಸೇರುವ ಪ್ರಮೇಹವನ್ನು ಎರಡಾಗಿ ಒಡೆದಿದ್ದಾನೆ: ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು. ಎಲ್ಲ ಸಕ್ಕರೆಯೂ ರೋಗಿಯ ತಪ್ಪಲ್ಲ ಎಂಬ ವಿವೇಕ ಅಷ್ಟು ಹಿಂದೆಯೇ ಇತ್ತು. ಇನ್ನೂ ಸೋಜಿಗವೆಂದರೆ ಚಿಕಿತ್ಸೆಯನ್ನು ಆತ ಹಣಕ್ಕೆ ತಕ್ಕಂತೆ ಬದಲಿಸಿರುವುದು. ಬಡವನಾದರೆ ಚಪ್ಪಲಿ ಕೊಡೆಗಳಿಲ್ಲದೆ, ಭಿಕ್ಷೆಯುಂಡು, ಊರಿಗೊಂದು ರಾತ್ರಿ ತಂಗುತ್ತ ಮುನಿಯಂತೆ ನೂರು ಯೋಜನ ನಡೆಯಲಿ ಎನ್ನುತ್ತಾನೆ; ಬಾವಿ ತೋಡುವುದನ್ನೂ ಸೂಚಿಸುತ್ತಾನೆ. ಸಿರಿವಂತನಿಗೆ ಶ್ಯಾಮಾಕದಂಥ ಕಿರುಧಾನ್ಯದ ಊಟ. ಬರಿಗಾಲಿನ ಸಲಹೆ ಇಂದು ಒಪ್ಪತಕ್ಕದ್ದಲ್ಲ, ಭಿಕ್ಷೆಯದೂ ಅಲ್ಲ. ಬದುಕಿನ ಸ್ಥಿತಿ ನೋಡದೆ ಪಥ್ಯ ಹೇಳಬಾರದೆಂಬ ಎಚ್ಚರ ಮಾತ್ರ ಒಪ್ಪತಕ್ಕದ್ದೇ.

ಆ ಎಚ್ಚರ ಈ ಸೀಮೆಯಲ್ಲಿ ಬಹಳ ಬೇಕು. ಪಟ್ಟಣದ ಕೋಚ್ ಕಳಿಸುವ ಪಟ್ಟಿಯಲ್ಲಿ ಬಾದಾಮಿ, ಓಟ್ಸ್, ಆಲಿವ್ ಎಣ್ಣೆ ಇರುತ್ತವೆ. ಹೊಲದ ಕೂಲಿಗೆ ಹೋಗುವ, ವರ್ಷಕ್ಕೆ ಕೆಲವು ತಿಂಗಳು ಗುಳೆ ಹೋಗುವ ಮನೆಯಲ್ಲಿ ಪಡಿತರದ ಅಕ್ಕಿ ಇರುತ್ತದೆ. ಹಿಂದಿನವರು ಜೋಳದ ರೊಟ್ಟಿ ತಿಂದು ಗಟ್ಟಿಯಿದ್ದರು, ಅದಕ್ಕೇ ಮರಳಿ ಎಂಬುದೂ ಪೂರ್ತಿ ಉತ್ತರವಲ್ಲ. ನೂರು ಗ್ರಾಂ ಜೋಳದಲ್ಲೂ ಶರ್ಕರಪಿಷ್ಟ ಎಪ್ಪತ್ತು ಗ್ರಾಂ ಆಸುಪಾಸು ಇದೆ. ನಾರಿನಂಶ ಪಾಲಿಷ್ ಅಕ್ಕಿಗಿಂತ ಮೂರು ಪಟ್ಟು ಹೆಚ್ಚು, ಅದೇ ಅದರ ಲಾಭ. ಹಿಂದಿನವರು ಆ ರೊಟ್ಟಿಯನ್ನು ದಿನವಿಡೀ ಕುಂಟೆ ಹೊಡೆದು ಕರಗಿಸುತ್ತಿದ್ದರು. ಸಂಜೆ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಎರಡು ಚಮಚ ಸಕ್ಕರೆಯ ಚಹಾ ಮುಂದಿಟ್ಟುಕೊಂಡು ಕೂತವರಿಗೆ ಬೇಕಾದದ್ದು ಓಟ್ಸಿನ ಪಾಠವಲ್ಲ. ಮಂಡಕ್ಕಿ ಅರ್ಧಕ್ಕಿಳಿಸಿ ಶೇಂಗಾ, ಈರುಳ್ಳಿ ಹೆಚ್ಚಿಸಿಕೊಳ್ಳಿ, ಸಕ್ಕರೆ ಇಲ್ಲದ ಚಹಾ ಕೇಳಿ ಎಂದರೆ ಅದು ಅವರ ಕೈಗೆ ಎಟಕುವ ಮಾತು. ಇಂಥ ಮಾತು ಹೇಳಬಲ್ಲವರು ಆ ಅಂಗಡಿಯಲ್ಲಿ ಕೂತು ತಿಂದವರು.

ಹಣದ ವಿಷಯ ಉಳಿಯಿತು. ಶರಣಧರ್ಮದಲ್ಲಿ ಕಾಯಕಕ್ಕೆ ಪ್ರತಿಫಲ ಪಡೆಯುವುದು ತಪ್ಪಲ್ಲ. ಶುದ್ಧ ಕಾಯಕವಾಗಿರಬೇಕು, ಬಂದದ್ದು ದಾಸೋಹಕ್ಕೂ ಸಲ್ಲಬೇಕು. ಆದ್ದರಿಂದ ಕೋಚ್ ತನ್ನ ಸಮಯಕ್ಕೆ ಶುಲ್ಕ ತೆಗೆದುಕೊಂಡರೆ ಆಕ್ಷೇಪವಿರಬೇಕಿಲ್ಲ. ಸಲಹೆಯ ಬೆನ್ನಿಗೆ ತನ್ನದೇ ಪುಡಿ, ತನ್ನದೇ ಡಬ್ಬಿ ಮಾರಲು ನಿಂತಾಗ ಮಾತಿನ ಪ್ರಾಮಾಣ್ಯ ಅಲ್ಲಿಗೆ ಮುಗಿಯಿತು. ಅರಿತಂತೆ ಹೇಳುವ ಬಯಕೆಯ ಜಾಗದಲ್ಲಿ ಮಾರುವ ಬಯಕೆ ಬಂದು ಕೂತಿರುತ್ತದೆ; ಎರಡನ್ನೂ ಒಟ್ಟಿಗೆ ನಿಭಾಯಿಸುತ್ತೇನೆ ಎನ್ನುವವರನ್ನು ನಂಬಬೇಕಾದ ಕಾರಣವಿಲ್ಲ.

ಪರಿಚಾರಕನ ಪಾದದಲ್ಲಿ ನಿಂತು ಈ ಕೆಲಸ ಮಾಡುತ್ತಿರುವವರು ಈ ತಾಲ್ಲೂಕುಗಳಲ್ಲಿ ಈಗಾಗಲೇ ಇದ್ದಾರೆ, ಅವರನ್ನು ಯಾರೂ ಕೋಚ್ ಎಂದು ಕರೆಯುವುದಿಲ್ಲ. 2005ರಲ್ಲಿ ಶುರುವಾದ ಆಶಾ ಯೋಜನೆಯಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಹೆಂಗಸು. ಮೂವತ್ತು ದಾಟಿದವರ ಮನೆಗೆ ಹೋಗಿ ಆಕೆ ತುಂಬುವ ನಮೂನೆಯಲ್ಲಿ ವಯಸ್ಸು, ತಂಬಾಕು, ಕುಡಿತ, ನಡಿಗೆ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದೆಯೇ ಎಂಬ ಪ್ರಶ್ನೆಗಳಿವೆ. ಟೇಪು ಹಿಡಿದು ಸೊಂಟ ಅಳೆಯಬೇಕು, ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಅಂಕ ಏರುತ್ತದೆ. ಒಟ್ಟು ನಾಲ್ಕು ಮೀರಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಆಕೆ ರೋಗ ಹೆಸರಿಸುವುದಿಲ್ಲ, ಮಾತ್ರೆ ಬದಲಿಸುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಗೃಹ ಆರೋಗ್ಯ ಯೋಜನೆಯೂ ಮನೆಬಾಗಿಲ ತಪಾಸಣೆಗೆ ಇಂಥವರನ್ನೇ ನೆಚ್ಚಿದೆ. ಅವರ ಮೇಲೆ ಈಗಾಗಲೇ ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆಗಳ ಹೊರೆ ಇದೆ, ಸಿಗುವ ಗೌರವಧನ ಅದಕ್ಕೆ ತಕ್ಕದ್ದಲ್ಲ. ವೈದ್ಯಶಿಕ್ಷಣವಿಲ್ಲದೆ ಮಧುಮೇಹಿಗಳಿಗೆ ನೆರವಾಗಬೇಕೆನ್ನುವ ಯುವಕ ಯುವತಿಯರು ಆನ್‌ಲೈನ್ ಪ್ರಮಾಣಪತ್ರಕ್ಕೆ ಸಾವಿರಾರು ರೂಪಾಯಿ ಕಟ್ಟುವ ಮೊದಲು ತಮ್ಮೂರ ಆಶಾ ಕಾರ್ಯಕರ್ತೆಯ ಜೊತೆ ಒಂದು ವಾರ ಮನೆ ಮನೆ ತಿರುಗುವುದು ಒಳ್ಳೆಯದು.

ಕೋಚ್ ಬಳಿ ಹೋಗುವವರು ಹೋಗಲಿ. ‘ಯಾವ ಮಾತ್ರೆ ನುಂಗುತ್ತಿದ್ದೀರಿ’ ಎಂದು ಮೊದಲು ಕೇಳದವರನ್ನು, ‘ಇದನ್ನು ನಿಮ್ಮ ಡಾಕ್ಟರರನ್ನೇ ಕೇಳಿ’ ಎಂದು ಒಮ್ಮೆಯೂ ಹೇಳದವರನ್ನು ಬಿಟ್ಟು ಬರಲಿ. ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್‌ಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಗೆ ಹಣ ಕೊಡಬೇಕಿಲ್ಲ; ಮಾತ್ರೆಗಳೂ ಉಚಿತ.